ಹೊಸಬನ ಬೆಳ್ಳಿ

ಭಾವನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಊಟದ ಮೇಜಿನ ಮುಂದೆ. ಹೆಂಡತಿ ನೀರು ಕುಡಿದು ಲೋಟ ಕೆಳಗಿಡುತ್ತಾ, "ಹೊಸಬನ ಬೆಳ್ಳಿ ಎಷ್ಟು ನುಣ್ಣಗಿದೆ ಗೊತ್ತಾ? ನೋಡ್ತಾ ಇದ್ರೆ ಮುಟ್ಟಬೇಕು ಅನ್ಸುತ್ತೆ," ಅಂದಳು. ಅಷ್ಟೇ. ಬೇರೆ ಗಂಡಂದಿರಾದರೆ ಇಂಥ ಮಾತಿಗೆ ಹೂಂ ಅಂದು ಮುಂದಿನ ತುತ್ತಿಗೆ ಕೈಹಾಕುತ್ತಾರೆ. ಭಾವ ಕಲ್ಲು ಕಚ್ಚಿದವನ ಹಾಗೆ ಅಗಿಯುವುದನ್ನೇ ನಿಲ್ಲಿಸಿದ.

ಯಾಕೆಂದು ತಿಳಿಯಬೇಕಾದರೆ ಅವನ ಕಸುಬು ತಿಳಿಯಬೇಕು. ಗಂಡ ಹೆಂಡತಿ ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಎಲ್ಲರಿಗಿಂತ ಮೊದಲು ಸೇರಿದವಳು ಅವಳಾದ್ದರಿಂದ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಅಕ್ಕನನ್ನು ಕಟ್ಟಿಕೊಂಡ ತಪ್ಪಿಗೆ ಇವನು ಎಲ್ಲರಿಗೂ ಭಾವನಾದ. ತಲೆ ನರೆತ ಕಾವಲುಗಾರನಿಗೂ ಭಾವ, ನಿನ್ನೆ ಮೊನ್ನೆ ಸೇರಿದ ಹುಡುಗಿಗೂ ಭಾವ. ಅವನಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಅವಳ ಕಡೆಯಿಂದ ಬಂದ ಪದವಿ ಎಂದು ಒಳಗೊಳಗೇ ಬೀಗುತ್ತಿದ್ದ.

ಅಕ್ಕನದು ಡೈ ಕೆಲಸ. ಬೆಳಕು ಬಿದ್ದರೆ ತಾವೂ ಹೊಳೆಯುವ ಬಣ್ಣಗಳವು. ಡೈಯ ಒಂದೊಂದು ಅಣುವೂ ಬೆಳಕನ್ನು ನುಂಗಿ, ಒಂದು ಗಳಿಗೆ ಇಟ್ಟುಕೊಂಡು, ಬೇರೆ ಬಣ್ಣದಲ್ಲಿ ಹೊರಗೆ ಬಿಡುತ್ತದೆ. ಗಳಿಗೆಯೆಂದರೆ ನಮ್ಮ ನಿಮ್ಮ ಗಳಿಗೆಯಲ್ಲ. ನಾವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಅಂಥವು ಕೋಟಿಗಟ್ಟಲೆ ಕಳೆದುಹೋಗುತ್ತವೆ. ಈ ಡೈಯನ್ನು ಬರಿಗಾಜಿನ ಮೇಲಿಟ್ಟರೆ ಮಂಕು. ಅದರ ಕೆಳಗೆ ತೆಳ್ಳಗಿನ ಬೆಳ್ಳಿಯಿದ್ದರೆ ಬೆಳಗಿಬಿಡುತ್ತದೆ, ಏಕೆಂದರೆ ಬೆಳ್ಳಿ ತನ್ನ ಮೈಮೇಲೆ ಬಂದ ಬೆಳಕನ್ನು ಒಟ್ಟುಗೂಡಿಸಿ ಡೈಗೆ ಉಣಿಸುತ್ತದೆ, ಡೈ ಕೊಟ್ಟದ್ದನ್ನು ಬೇಗ ಬೇಗ ಹೊರಗೆ ಕಳಿಸುತ್ತದೆ. ಆದರೆ ಒಂದು ಷರತ್ತು. ಎರಡಕ್ಕೂ ನಡುವೆ ಅಂತರ ಇರಬೇಕು. ಡೈ ಬೆಳ್ಳಿಗೆ ಅಂಟಿಕೊಂಡಿತೋ, ಅದು ಕೊಡಬೇಕೆಂದಿದ್ದ ಬೆಳಕನ್ನೆಲ್ಲ ಲೋಹವೇ ಎಳೆದುಕೊಂಡು ಬರೀ ಬಿಸಿಯಾಗಿ ಕಳೆದುಬಿಡುತ್ತದೆ. ಆಮೇಲೆ ಎಷ್ಟು ಲೇಸರ್ ಹಾಯಿಸಿದರೂ ಕತ್ತಲೆಯೇ.

ಅಕ್ಕನ ತಾಯಿ ಇವರ ಜೊತೆಯಲ್ಲೇ ಇದ್ದರು. ಕೆಲಸದಲ್ಲಿದ್ದಷ್ಟು ಕಾಲ ಬಸ್ಸುಗಳನ್ನು ಹತ್ತಿ ಟಿಕೆಟ್ ಇಲ್ಲದವರನ್ನು ಹಿಡಿದವರು. ಮಗಳು ಈ ಅಂತರದ ವಿಷಯ ಹೇಳಿದಾಗ ಅವರು, "ತೀರಾ ಹತ್ತಿರ ಬಂದ್ರೆ ಇಬ್ರಿಗೂ ಕಷ್ಟ ಅಂತ ಕಂಡುಹಿಡಿಯೋಕೆ ನಿಮಗೆ ಲೇಸರ್ ಬೇರೆ ಬೇಕಾಯ್ತಾ?" ಎಂದು ಕೇಳಿ ಅಳಿಯನ ಮುಖ ನೋಡಿದ್ದರು. ಅಳಿಯ ನಕ್ಕಿದ್ದ. ನಗುವ ಕಾಲ ಅದು.

ಆ ಅಂತರವನ್ನು ಕೊಡುವವನು ಭಾವ. ಮೂಲೆಯ ಕೋಣೆಯಲ್ಲಿ ಅವನ ಚೇಂಬರ್ ಇತ್ತು: ಹೊಟ್ಟೆ ದಪ್ಪನೆಯ ಉಕ್ಕಿನ ಡಬ್ಬಿ, ಒಳಗೆ ಗಾಳಿಯೇ ಇಲ್ಲ. ಅದರೊಳಗೆ ಬೆಳ್ಳಿಯನ್ನು ಕಾಯಿಸಿ ಆವಿ ಮಾಡಿ ಗಾಜಿನ ಸ್ಲೈಡಿನ ಮೇಲೆ ಕೂರಿಸುತ್ತಿದ್ದ. ಬೆಳ್ಳಿಯ ಮೇಲೆ ಮತ್ತೆ ಗಾಜಿನದೇ ಪದರ, ಇಪ್ಪತ್ತು ನ್ಯಾನೋಮೀಟರ್. ಒಂದು ಕೂದಲಿನ ದಪ್ಪದಲ್ಲಿ ಅಂಥ ಪದರಗಳು ನಾಲ್ಕು ಸಾವಿರ ಹಿಡಿಸುತ್ತವೆ. ಅಕ್ಕ ಆ ಸ್ಲೈಡನ್ನು ಡೈಯಲ್ಲಿ ಅದ್ದಿ ತೆಗೆಯುತ್ತಿದ್ದಳು. ಬೇರೆಯವರು ಕೊಟ್ಟದ್ದನ್ನು ಅವಳು ಅಳೆಯದೆ ಮುಟ್ಟುತ್ತಿರಲಿಲ್ಲ, ಕಂಪನಿಯಿಂದ ಮೊಹರು ಹಾಕಿ ಬಂದ ಶೀಷೆಯನ್ನೂ ತೂಕ ಮಾಡುವವಳು. ಗಂಡ ಕೊಟ್ಟ ಸ್ಲೈಡನ್ನು ಮಾತ್ರ ನೇರವಾಗಿ ಡೈಗೆ ಇಳಿಸುತ್ತಿದ್ದಳು. ಇಪ್ಪತ್ತು ಎಂದರೆ ಇಪ್ಪತ್ತು. ಭಾವನಿಗೆ ಮನೆಯಲ್ಲಿ ಯಾರೂ ಮುದ್ದು ಮಾಡದಿದ್ದರೂ ನಡೆಯುತ್ತಿತ್ತು, ಆ ಅಳೆಯದೆ ಅದ್ದುವುದೊಂದಿದ್ದರೆ ಅವನಿಗೆ ಹಾಲು ಕುಡಿದಷ್ಟು ಸಂತೋಷ.

ಈಗ ಅವಳ ಮನಸ್ಸು ಇನ್ನೊಬ್ಬನ ಬೆಳ್ಳಿಯ ಮೇಲೆ ಕೂತಿದೆ. ಮುಟ್ಟಬೇಕು ಅನಿಸುತ್ತದಂತೆ.

"ಯಾಕೆ, ನನ್ನ ಬೆಳ್ಳಿಗೆ ಏನಾಯ್ತು?" ಭಾವ ಕೇಳಿದ.

"ನಿನ್ನದಕ್ಕೇನೂ ಆಗಿಲ್ಲ. ಅವನದು ಬೇರೆ ಥರ. ಬೀಕರ್‌ನಲ್ಲಿ ಬೆಳೆಸ್ತಾನೆ, ಹರಳಿನ ಹಾಗೆ. ಒಂದು ಕಾಳೂ ಇಲ್ಲ, ಒಂದು ಉಬ್ಬೂ ಇಲ್ಲ."

"ನನ್ನದರಲ್ಲಿ ಕಾಳಿದೆ ಅಂತಾಯ್ತು."

"ಆವಿಯಿಂದ ಕೂತ ಬೆಳ್ಳಿ ಅಂದ್ಮೇಲೆ ಕಾಳು ಇರ್ತವಪ್ಪ. ಎಲ್ಲರದ್ರಲ್ಲೂ ಇರ್ತವೆ. ಊಟ ಮಾಡು."

ಎಲ್ಲರದ್ರಲ್ಲೂ! ಅವನನ್ನು ಎಲ್ಲರ ಸಾಲಿನಲ್ಲಿ ನಿಲ್ಲಿಸಿ ಅವಳು ಊಟ ಮಾಡು ಎನ್ನುತ್ತಿದ್ದಳು. ಅತ್ತೆ ಇಬ್ಬರನ್ನೂ ಒಮ್ಮೆ ನೋಡಿ ತಟ್ಟೆ ಎತ್ತಿಕೊಂಡು ಎದ್ದರು.

ಹೊಸಬ ಬಂದು ವರ್ಷವಾಗುತ್ತ ಬಂದಿದ್ದರೂ ಅವನ ಹೆಸರು ಹೊಸಬನೇ. ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಷ್ಟು ಉದ್ದ, ಕೈಯಲ್ಲಿ ಸದಾ ಒಂದು ಬೀಕರ್, ಮುಖದ ತುಂಬ ಹಲ್ಲು. ಇಂಥವರನ್ನು ದ್ವೇಷಿಸುವುದು ಬಹಳ ಕಷ್ಟ. ಭಾವ ಕಷ್ಟಪಟ್ಟ. ಆ ನಗು ಬೇಕಂತಲೇ ನಗುವ ನಗು ಎಂದುಕೊಂಡ. ಚಹಾದ ಹೊತ್ತಿಗೆ ಹೊಸಬ ಅಕ್ಕನ ಪಕ್ಕದ ಕುರ್ಚಿಯಲ್ಲೇ ಯಾಕೆ ಕೂರಬೇಕು? ಬೇರೆ ಕುರ್ಚಿಗಳಿಗೆ ಕಾಲಿಲ್ಲವೇ? ಅಕ್ಕ ಅವನ ಮಾತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ತನ್ನ ಮಾತಿಗೆ ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತು ಎಂದು ಭಾವ ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗದೆ ಇನ್ನಷ್ಟು ಉರಿದ.

ಪ್ರಯೋಗಾಲಯದ ಯಜಮಾನಿಯನ್ನು ಹಿಂದಿನಿಂದ ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಎದುರಿಗೆ ಯಾರಿಗೂ ಧೈರ್ಯವಿರಲಿಲ್ಲ. ವಾರದ ಸಭೆಯಲ್ಲಿ ಹೊಸಬನ ಬೆಳ್ಳಿಯ ಚಿತ್ರ ನೋಡಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಅವರಿಗೆ ಇಷ್ಟವಾದದ್ದರ ಗುರುತು. ಒಂದು ಹನಿ ರಕ್ತದಲ್ಲಿ ರೋಗದ ಸುಳಿವು ಹುಡುಕುವ ಸ್ಲೈಡುಗಳನ್ನು ಆಸ್ಪತ್ರೆಗಾಗಿ ಮಾಡಿಕೊಡುವುದು ಆ ಪ್ರಯೋಗಾಲಯದ ಕೆಲಸ. ಡೈ ಎಷ್ಟು ಹೊಳೆಯುತ್ತದೋ ಅಷ್ಟು ಚಿಕ್ಕ ಸುಳಿವೂ ಕಣ್ಣಿಗೆ ಬೀಳುತ್ತದೆ.

"ಹೊಸಬನ ಹರಳಿನ ಮೇಲೆ ಭಾವ ಪದರ ಹಾಕ್ಲಿ, ಅಕ್ಕ ಡೈ ಹಾಕ್ಲಿ. ಈಗಿರೋದಕ್ಕಿಂತ ಜಾಸ್ತಿ ಹೊಳೆದ್ರೆ ಇನ್ಮುಂದೆ ಎಲ್ಲಾ ಸ್ಲೈಡೂ ಇದೇ ಬೆಳ್ಳಿ. ಹೊಳೀಲಿಲ್ವಾ, ಇದನ್ನ ಇಲ್ಲಿಗೇ ಬಿಟ್ಟುಬಿಡೋಣ," ಅಂದರು ದೊಡ್ಡಮ್ಮ.

ಹೊಸಬ ಸಭೆ ಮುಗಿದ ಮೇಲೆ ಓಡಿಬಂದು ಭಾವನ ಎರಡೂ ಕೈ ಹಿಡಿದುಕೊಂಡ. "ಭಾವ, ಪದರ ನಿಮ್ಮದು ಅಂದ್ಮೇಲೆ ನನಗೆ ಅರ್ಧ ಚಿಂತೆ ಹೋಯ್ತು. ಅಕ್ಕ ಹೇಳ್ತಾನೇ ಇರ್ತಾರೆ, ನಿಮ್ಮ ಕೈಯಲ್ಲಿ ಅಳತೆ ತಪ್ಪೋದೇ ಇಲ್ಲ ಅಂತ."

ಅಕ್ಕ ತನ್ನ ಬಗ್ಗೆ ಹಾಗೆ ಹೇಳುತ್ತಾಳೆಂದು ಭಾವನಿಗೆ ತಿಳಿದದ್ದು ಆಗಲೇ. ಬುದ್ಧಿ ನೆಟ್ಟಗಿರುವವನಿಗೆ ಅಷ್ಟು ಸಾಕಾಗುತ್ತಿತ್ತು. ಇವನ ತಲೆಗೆ ಹೋದದ್ದು ಬೇರೆ: ಇವರಿಬ್ಬರೂ ಕೂತು ನನ್ನ ಬಗ್ಗೆ ಮಾತಾಡುತ್ತಾರೆ, ಅಷ್ಟು ದೂರ ಹೋಗಿದೆ.

ಸ್ಲೈಡುಗಳ ಮೇಲೆ ಕೂರಿಸಿದ ಹರಳುಗಳು ಅವನ ಕೋಣೆಗೆ ಒಂದು ಮುಚ್ಚಳದ ಪೆಟ್ಟಿಗೆಯಲ್ಲಿ ಬಂದವು. ಒಬ್ಬನೇ ಇದ್ದಾಗ ಭಾವ ಅವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದ. ಕಸುಬುದಾರನಾದ್ದರಿಂದ ಕಣ್ಣಿಗೆ ಮೋಸ ಮಾಡಿಕೊಳ್ಳಲು ಆಗಲಿಲ್ಲ. ನುಣ್ಣಗಿತ್ತು. ದೀಪದ ತಂತಿ ಕೂಡ ಅದರಲ್ಲಿ ಅಲುಗದೆ ಕಾಣುತ್ತಿತ್ತು. ತಾನು ವರ್ಷಗಟ್ಟಲೆ ಚೇಂಬರಿನ ಮುಂದೆ ಕೂತು, ಬಿಸಿ ಹೆಚ್ಚಿಸಿ ಬಿಸಿ ಇಳಿಸಿ, ಇಂಥದ್ದೊಂದನ್ನು ಮಾಡಲಾಗದೆ ಎಲ್ಲರ ಬೆಳ್ಳಿಯೂ ಹೀಗೇ ಎಂದು ಸಮಾಧಾನ ಮಾಡಿಕೊಂಡಿದ್ದ. ಈ ಉದ್ದನೆಯವನು ಬೀಕರಿನಲ್ಲಿ ಕಲಕಿ ತಂದಿದ್ದ.

ಹರಳುಗಳನ್ನು ಚೇಂಬರಿನಲ್ಲಿಟ್ಟು ಗಾಳಿ ಎಳೆದ. ಗಾಜಿನ ಆವಿ ಏಳತೊಡಗಿತು. ಈ ಕೆಲಸದಲ್ಲಿ ಎರಡು ವಸ್ತು ಮುಖ್ಯ. ಒಂದು, ಮೂಲೆಯಲ್ಲಿರುವ ಅಳತೆಯ ಸ್ಫಟಿಕ. ಅದರ ಮೇಲೆ ಎಷ್ಟು ಪದರ ಕೂತಿತೋ ಅಷ್ಟನ್ನು ಹೊರಗಿನ ಫಲಕ ತೋರಿಸುತ್ತದೆ. ಇನ್ನೊಂದು, ಸ್ಲೈಡುಗಳ ಮುಂದಿನ ಅಡ್ಡತಟ್ಟೆ. ಹೊರಗಿನಿಂದ ಹಿಡಿ ತಿರುಗಿಸಿದರೆ ತೆರೆಯುತ್ತದೆ, ಮತ್ತೆ ತಿರುಗಿಸಿದರೆ ಮುಚ್ಚುತ್ತದೆ. ಅಡ್ಡತಟ್ಟೆ ಮುಚ್ಚಿದರೂ ಸ್ಫಟಿಕದ ಮೇಲೆ ಆವಿ ಬೀಳುತ್ತಲೇ ಇರುತ್ತದೆ. ಭಾವ ತಟ್ಟೆ ತೆರೆದ. ಫಲಕ ಒಂದು ಅಂದಿತು, ಎರಡು ಅಂದಿತು. ಅವನ ಕೈ ಹಿಡಿಯ ಮೇಲಿತ್ತು. ಕೈ ತಿರುಗಿತು. ತಟ್ಟೆ ಮುಚ್ಚಿತು.

ಕೂಡಲೇ ಮತ್ತೆ ತೆರೆಯಬಹುದಿತ್ತು. ಕೈ ಜಾರಿತು ಎನ್ನಬಹುದಿತ್ತು. ಭಾವ ಕುರ್ಚಿಯಲ್ಲಿ ಕೂತು, ಫಲಕ ಮೂರು, ಏಳು, ಹದಿನೈದು ಎಂದು ಏರಿ ಇಪ್ಪತ್ತಕ್ಕೆ ಬಂದು ನಿಲ್ಲುವವರೆಗೂ ಹಲ್ಲು ಕಚ್ಚಿಕೊಂಡು ನೋಡಿದ. ಎರಡು ನ್ಯಾನೋಮೀಟರಿಗೂ ಇಪ್ಪತ್ತಕ್ಕೂ ಬರಿಗಣ್ಣಿಗೆ ವ್ಯತ್ಯಾಸ ಕಾಣದು. ಗಾಜಿನ ಮೇಲೆ ಗಾಳಿ ಹಾಕಿದ ಹಾಗಿರುತ್ತದೆ. ಪೆಟ್ಟಿಗೆಯನ್ನು ತಾನೇ ಕೊಂಡೊಯ್ದು ಹೆಂಡತಿಯ ಕೈಗಿತ್ತ.

"ಇಪ್ಪತ್ತು," ಅಂದ.

"ಹೂಂ," ಅಂದಳು ಅಕ್ಕ. ಅಳೆಯಲಿಲ್ಲ. ಅವನ ಕಣ್ಣೆದುರೇ ಡೈಗೆ ಇಳಿಸಿದಳು.

ಸ್ಲೈಡು ಕತ್ತಲಾಗಿತ್ತು. ಲೇಸರ್ ಹಾಯಿಸಿದರೆ ಬೂದಿ ಮುಚ್ಚಿದ ಕೆಂಡದಷ್ಟೂ ಬೆಳಕಿಲ್ಲ. ಇನ್ನೊಂದು ಹರಳು ನೋಡಿದರು, ಅದೂ ಹಾಗೇ. ಹೊಸಬನ ಮುಖದಲ್ಲಿ ಹಲ್ಲು ಕಾಣದೆ ಇದ್ದದ್ದು ಅದೇ ಮೊದಲು. ದೊಡ್ಡಮ್ಮ ಎಲ್ಲರನ್ನೂ ಕೂರಿಸಿ, "ಏನಾಗಿರಬಹುದು?" ಎಂದು ಕೇಳಿದರು. "ಪದರ ತೆಳುವಾಗಿದ್ರೂ ಹೀಗೇ ಆಗುತ್ತಲ್ಲ?"

ಭಾವ ಬಾಯಿ ತೆರೆಯುವ ಮೊದಲೇ ಅಕ್ಕ ಮಾತಾಡಿದಳು. "ಪದರ ತಪ್ಪಿರೋಕೆ ಸಾಧ್ಯ ಇಲ್ಲ ಮೇಡಂ. ಅದು ಅವರು ಹಾಕಿದ್ದು. ನಾನು ಇಷ್ಟು ವರ್ಷದಿಂದ ನೋಡ್ತಿದ್ದೀನಿ. ತಪ್ಪಿದ್ರೆ ಬೆಳ್ಳಿಲೇ ಇರಬೇಕು."

"ಹರಳಿನ ಮೇಲೆ ಬೀಕರ್‌ನ ರಾಸಾಯನಿಕ ಏನಾದ್ರೂ ಉಳಿದಿರಬೇಕು," ಅಂದ ಹೊಸಬ, ನೆಲ ನೋಡುತ್ತ. "ನಂದೇ ತಪ್ಪು."

ದೊಡ್ಡಮ್ಮ ಕನ್ನಡಕ ಹಾಕಿಕೊಂಡರು. "ಸರಿ, ಬಿಟ್ಟುಬಿಡೋಣ."

ಅಂದು ಭಾವ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ಎಲ್ಲರ ಎದುರು ಹೆಂಡತಿ ತನ್ನ ಕಡೆ ನಿಂತಳು. ಹೊಸಬನನ್ನು ಬಿಟ್ಟು ತನ್ನ ಕಡೆ. ಅವಳು ಯಾವ ಸುಳ್ಳಿನ ಮೇಲೆ ನಿಂತಳೆಂಬುದನ್ನು ಅವನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊಟ್ಟೆಕಿಚ್ಚಿನವರ ಲೆಕ್ಕ ಹಾಗೇ, ಕೂಡುವುದು ಗೊತ್ತು, ಕಳೆಯುವುದು ಗೊತ್ತಿಲ್ಲ. ಮೂರು ಸಲ ಬಡಿಸಿಕೊಂಡು ಉಂಡ.

ಅತ್ತೆ ಎದುರಿಗೆ ಕೂತು ಅವನನ್ನೇ ನೋಡುತ್ತಿದ್ದರು. "ಇವತ್ತೇನು ಅಳಿಯಂದಿರು ಭಾರೀ ಖುಷಿಯಲ್ಲಿದ್ದೀರಿ?"

"ಏನಿಲ್ಲ ಅತ್ತೆ. ಹಸಿವು."

"ಟಿಕೆಟ್ ತಗೊಳ್ಳದೇ ಕೂತೋರು ಕಿಟಕಿ ಕಡೆ ಮುಖ ಮಾಡಿ ಹೀಗೇ ಖುಷಿಯಾಗಿ ಕೂತಿರ್ತಿದ್ರು," ಅಂದರು ಅತ್ತೆ, ನೀರಿನ ಚೊಂಬು ಅವನ ಕಡೆ ಸರಿಸುತ್ತ. ಭಾವ ಚೊಂಬನ್ನೇ ಎತ್ತಿ ಗಟಗಟ ಕುಡಿದ.

ಆದರೆ ಖುಷಿಗೆ ಆಯಸ್ಸಿರಲಿಲ್ಲ. ಅಕ್ಕ ಒಂದು ವಿಷಯ ಹಿಡಿದರೆ ಬಿಡುವವಳಲ್ಲ. ಹೊಸಬನ ಇಳಿದ ಮುಖ ನೋಡಲಾಗದೆಯೋ, ಕತ್ತಲೆಗೆ ಕಾರಣ ತಿಳಿಯದೆ ನಿದ್ದೆ ಬಾರದೆಯೋ, ಮರುದಿನವೇ ಆ ಸ್ಲೈಡುಗಳನ್ನು ತೆಗೆದುಕೊಂಡು ಕರಿ ಪರದೆಯ ಕೋಣೆಗೆ ಹೋದಳು. ಜೊತೆಗೆ ಹೊಸಬ.

ಕರಿ ಪರದೆಯ ಕೋಣೆಯೆಂದರೆ ಪ್ರಯೋಗಾಲಯದ ಹಿಂಬದಿಯಲ್ಲಿ ಬಟ್ಟೆಯಿಂದ ಮರೆಮಾಡಿದ ಗೂಡು. ಒಳಗೊಂದು ಲೇಸರ್, ಬೆಳಕಿನ ಒಂದೊಂದು ಕಣವನ್ನೂ ಎಣಿಸುವ ಒಂದು ಯಂತ್ರ, ಮಂಕು ತೆರೆಯ ಒಂದು ಕಂಪ್ಯೂಟರ್, ಎರಡು ಸ್ಟೂಲು. ಹೊರಗಿನ ಬೆಳಕು ಯಂತ್ರದ ಮೇಲೆ ನೇರವಾಗಿ ಬೀಳಬಾರದು, ಬಿದ್ದರೆ ಯಂತ್ರ ಕೆಡುತ್ತದೆ. ಆದ್ದರಿಂದ ಒಳಗಿದ್ದವರು ದೀಪ ಆರಿಸಿಯೇ ಕೂರಬೇಕು. ಹೊಳೆಯುವ ಸ್ಲೈಡಾದರೆ ಕೆಲಸ ಬೇಗ ಮುಗಿಯುತ್ತದೆ. ಕತ್ತಲು ಸ್ಲೈಡು ಬೆಳಕನ್ನು ಜಿಪುಣನ ಹಾಗೆ ಬಿಡುವುದರಿಂದ ಗಂಟೆಗಟ್ಟಲೆ ಕಾಯಬೇಕು. ಸ್ಲೈಡನ್ನು ಕತ್ತಲು ಮಾಡಿದವನು ಭಾವ. ತನ್ನ ಹೆಂಡತಿಯನ್ನೂ ಹೊಸಬನನ್ನೂ ಗಂಟೆಗಟ್ಟಲೆ ಕತ್ತಲಲ್ಲಿ ಅಕ್ಕಪಕ್ಕ ಕೂರಿಸಿದವನೂ ಅವನೇ. ಇದು ಹೊಳೆದಾಗ ಅವನಿಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಆಮೇಲೆ ಅವನ ದಿನಗಳೆಲ್ಲ ಪರದೆಯ ಮುಂದೆಯೇ ಕಳೆದವು. ಸ್ಪ್ಯಾನರ್ ತರಲು ಹೋದರೂ ಆ ದಾರಿ, ಕೈ ತೊಳೆಯಲು ಹೋದರೂ ಆ ದಾರಿ. ಪರದೆಯ ಕೆಳಗಡೆ ನಾಲ್ಕು ಪಾದಗಳು ಕಾಣುತ್ತಿದ್ದವು: ಅಕ್ಕನ ಕಂದು ಚಪ್ಪಲಿ, ಹೊಸಬನ ದೋಣಿಯಂಥ ಬೂಟು. ಬೆಳಿಗ್ಗೆ ಅವುಗಳ ನಡುವೆ ಒಂದು ಮೊಳ ಜಾಗವಿತ್ತು, ಮಧ್ಯಾಹ್ನದ ಹೊತ್ತಿಗೆ ಒಂದು ಗೇಣು ಆದಂತೆ ಕಂಡಿತು. ಅಂತರ ಅಳೆಯುವುದರಲ್ಲಿ ಹೆಸರು ಮಾಡಿದವನು ಈಗ ನೆಲದ ಮೇಲೆ ಪಾದಗಳ ಅಂತರ ಅಳೆಯುತ್ತ ನಿಂತಿದ್ದ. ಕಾವಲುಗಾರ ಬಂದು, "ಭಾವ, ಏನಾದ್ರೂ ಬಿದ್ದು ಹೋಯ್ತಾ?" ಎಂದು ತಾನೂ ಬಗ್ಗಿ ಹುಡುಕಿದ. "ಒಂದು ತಿರುಪು," ಅಂದ ಭಾವ.

ಮನೆಯಲ್ಲಿ ಕೇಳಿದ. "ಬಿಟ್ಟುಬಿಡಿ ಅಂತ ಮೇಡಂ ಹೇಳಿದ್ರಲ್ಲ. ಇನ್ನೂ ಏನು ನೋಡ್ತೀರಿ ಆ ಸ್ಲೈಡ್‌ನಲ್ಲಿ?"

"ಡೈ ಬೆಳಕನ್ನ ಎಷ್ಟು ಹೊತ್ತು ಇಟ್ಕೊಳ್ಳುತ್ತೆ ಅಂತ ನೋಡ್ತಿದ್ದೀನಿ."

"ಅದಕ್ಕೆ ಅವನೂ ಬೇಕಾ?"

ಅಕ್ಕ ಹಾಸಿಗೆಯ ಮೇಲಿನ ಹೊದಿಕೆ ಮಡಚುತ್ತಿದ್ದವಳು ನಿಲ್ಲಿಸಿ ಅವನನ್ನು ನೋಡಿದಳು. ಆಮೇಲೆ ನಕ್ಕಳು. "ಅಯ್ಯೋ ಮಾರಾಯ, ಹೊಟ್ಟೆಕಿಚ್ಚಾ? ಆ ಏಣಿ ಮೇಲೆ?" ಅವಳಿಗೆ ಅದು ಮುದ್ದಾಗಿ ಕಂಡಿತು, ಅವನ ಕೆನ್ನೆ ಹಿಂಡಿದಳು. ಭಾವನಿಗೆ ಆ ಗಳಿಗೆಯಲ್ಲೇ ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಹೇಳಿದ್ದರೆ ಬಹುಶಃ ಬೈದು, ಎರಡು ದಿನ ಮುಖ ಊದಿಸಿಕೊಂಡು, ಮರೆತುಬಿಡುತ್ತಿದ್ದಳು. ಆದರೆ ಅವಳು ಹೊಸಬನನ್ನು ಏಣಿ ಎಂದು ಮುದ್ದಿನ ಹೆಸರಿಟ್ಟು ಕರೆದಳಲ್ಲ ಎಂಬುದರಲ್ಲಿ ಅವನು ಸಿಕ್ಕಿಕೊಂಡ. ಗೋಡೆಯ ಕಡೆ ತಿರುಗಿ ಮಲಗಿದ.

ಅದು ಆದದ್ದು ಮರುದಿನ ಚಹಾದ ಹೊತ್ತಿಗೆ ಸ್ವಲ್ಪ ಮುಂಚೆ. ಎಲ್ಲರೂ ಅತ್ತಿತ್ತ ಕೆಲಸದಲ್ಲಿದ್ದರು. ಭಾವ ಪರದೆಯ ಹತ್ತಿರದ ಸಿಂಕಿನಲ್ಲಿ, ತೊಳೆದ ಗಾಜನ್ನೇ ತೊಳೆಯುತ್ತಿದ್ದ. ಒಳಗಿನಿಂದ ಹೊಸಬನ ಮಾತು ಕೇಳಿಸಿತು, ಅಕ್ಕನ ನಗು ಕೇಳಿಸಿತು. ಆಮೇಲೆ ಇದ್ದಕ್ಕಿದ್ದಂತೆ ಎರಡೂ ನಿಂತವು. ಭಾವ ನಲ್ಲಿ ಮುಚ್ಚಿ ಕಿವಿ ನೆಟ್ಟಗೆ ಮಾಡಿದ. ಸದ್ದಿಲ್ಲ. ಸ್ಟೂಲು ಕಿರ್ರೆಂದಿತು, ಮತ್ತೆ ಸದ್ದಿಲ್ಲ. ಪರದೆಯ ಕೆಳಗೆ ಕಂದು ಚಪ್ಪಲಿಯೂ ಬೂಟೂ ಒಂದೇ ಕಡೆ ತಿರುಗಿ, ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಅಕ್ಕನ ದನಿ ಬಹಳ ಮೆಲ್ಲಗೆ, "ಯಾರಿಗೂ ಹೇಳ್ಬೇಡ," ಅಂದಿತು.

ಭಾವನ ಕಣ್ಣಿಗೆ ರಕ್ತ ನುಗ್ಗಿತು. ಯಂತ್ರ ಕೆಡುತ್ತದೆ, ಒಳಗೆ ಅಳತೆ ನಡೆಯುವಾಗ ಪರದೆ ಸರಿಸಬಾರದು ಎಂದು ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳುವವನು ಅವನೇ. ಎರಡೂ ಕೈಯಿಂದ ಪರದೆ ಹಿಡಿದು ಒಂದೇ ಎಳೆತಕ್ಕೆ ಕಿತ್ತ. ಪರದೆಯ ಬಳೆಗಳು ಸರಳಿನಿಂದ ಕಳಚಿ ನೆಲದ ಮೇಲೆ ಉರುಳಿದವು, ಬೆಳಕು ಒಳಗೆ ಸುರಿಯಿತು, ಎಣಿಸುವ ಯಂತ್ರ ಕಿರುಚಿ ತಾನೇ ಆರಿಹೋಯಿತು.

ಅಕ್ಕ ಮತ್ತು ಹೊಸಬ ಕಂಪ್ಯೂಟರಿನ ಮುಂದೆ ಬಗ್ಗಿ ನಿಂತಿದ್ದರು. ತೆರೆಯ ಮೇಲೆ ಒಂದು ಗೆರೆ ಕಡಿದಾಗಿ ಇಳಿದಿತ್ತು. ಡೈ ಬೆಳ್ಳಿಗೆ ಎಷ್ಟು ಹತ್ತಿರವೋ ಅಷ್ಟು ಬೇಗ ಅದರ ಬೆಳಕು ಲೋಹದ ಪಾಲಾಗುತ್ತದೆ. ಎಷ್ಟು ಬೇಗ ಎಂದು ಗೊತ್ತಾದರೆ ಎಷ್ಟು ಹತ್ತಿರ ಎಂದೂ ಗೊತ್ತಾಗುತ್ತದೆ. ಹರಳಿನ ಮೇಲೆ ಕೊಳೆಯಿದ್ದಿದ್ದರೆ ಗೆರೆ ಬೇರೆ ರೀತಿ ಬಾಗುತ್ತಿತ್ತು. ಇದು ಶುದ್ಧ ಗೆರೆ. ಅದರ ಪಕ್ಕದಲ್ಲಿ ಅಕ್ಕ ಲೆಕ್ಕ ಹಾಕಿಸಿದ್ದಳು: ಅಂತರ, ಎರಡು ನ್ಯಾನೋಮೀಟರ್.

ಪರದೆಯ ಬಟ್ಟೆ ಭಾವನ ಕೈಯಲ್ಲೇ ಇತ್ತು. ನೆಲ ಬಿರಿದು ನುಂಗಬಾರದೇ ಎನ್ನುತ್ತಾರಲ್ಲ, ಹಾಗೆ ಅನ್ನಿಸುವಷ್ಟು ತ್ರಾಣವೂ ಅವನಲ್ಲಿರಲಿಲ್ಲ.

"ಸ್ಫಟಿಕ ಹಳೇದಾಗಿರಬೇಕು ಭಾವ," ಅಂದ ಹೊಸಬ. ಅವನ ಮುಖ ಸುಣ್ಣದ ಹಾಗಿತ್ತು. "ಹಳೇ ಸ್ಫಟಿಕ ತಪ್ಪು ತೋರಿಸುತ್ತೆ, ಅಲ್ವಾ? ಇಲ್ಲಾ ನನ್ನ ಹರಳಿನ ಮೇಲೆ ಪದರ ಅಂಟಿರಲ್ಲ. ಹಾಗೂ ಆಗುತ್ತೆ." ಅವನು ಇವನ ಪರವಾಗಿ ಸುಳ್ಳು ಹುಡುಕುತ್ತಿದ್ದ. ಭಾವನಿಗೆ ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು.

"ನೀನು ಹೋಗಿ ಚಹಾ ಕುಡಿ," ಅಂದಳು ಅಕ್ಕ ಹೊಸಬನಿಗೆ. ಅವನು ತಲೆ ತಗ್ಗಿಸಿ, ಬಳೆಗಳನ್ನು ದಾಟಿಕೊಂಡು ಹೋದ.

"ಎಷ್ಟು ಹಾಕಿದೆ?" ಅಕ್ಕ ಕೇಳಿದಳು. ದನಿ ಏರಲಿಲ್ಲ.

"ಎರಡು."

"ತಟ್ಟೆ ಮುಚ್ಚಿದ್ಯಾ?"

"ಹೂಂ."

"ಬೇಕಂತಲೇ."

ಭಾವ ತಲೆಯಾಡಿಸಿದ. ಅವಳು ಸ್ಟೂಲಿನ ಮೇಲೆ ಕೂತಳು. ಬೈಗುಳಕ್ಕೆ ಅವನು ಸಿದ್ಧನಾಗಿದ್ದ, ಅಳುವಿಗೂ ಸಿದ್ಧನಾಗಿದ್ದ. ಅವಳು ಎರಡನ್ನೂ ಮಾಡದೆ ಆ ಗೆರೆಯನ್ನೇ ನೋಡುತ್ತ ಕೂತಾಗ ಏನು ಮಾಡಬೇಕೆಂದು ತೋಚಲಿಲ್ಲ. "ಯಾರಿಗೂ ಹೇಳ್ಬೇಡ ಅಂತ ಅವನಿಗೆ ಹೇಳ್ತಾ ಇದ್ದೆ," ಅಂದಳು ಕೊನೆಗೆ. "ಮೊದಲು ನಾನೇ ನಿನ್ನ ಕೇಳ್ತೀನಿ ಅಂತ. ಏನೋ ಕಾರಣ ಇರುತ್ತೆ ಅಂತ."

ಅಷ್ಟಾದ ಮೇಲೂ ಮನುಷ್ಯನ ಬಾಯಿಂದ ಬಂದದ್ದೇನು? "ಅವನ ಬೆಳ್ಳಿ ನನ್ನದಕ್ಕಿಂತ ಚೆನ್ನಾಗಿದ್ಯಾ?"

ಅಕ್ಕ ಎದ್ದು ಆ ಕತ್ತಲು ಸ್ಲೈಡನ್ನು ಪೆಟ್ಟಿಗೆಗೆ ಹಾಕಿದಳು. "ನಂಗೊತ್ತಿಲ್ಲ. ನೀನು ಗೊತ್ತಾಗೋಕೆ ಬಿಡ್ಲಿಲ್ಲ."

ದೊಡ್ಡಮ್ಮನ ಕೋಣೆಗೆ ಭಾವ ತಾನೇ ಹೋದ. ಅಕ್ಕ ಹಿಂದೆ ಬಂದಳು. ಅವನು ತಟ್ಟೆ ಮುಚ್ಚಿದ್ದನ್ನು ಹೇಳಿದ. ಯಾಕೆ ಎಂದು ದೊಡ್ಡಮ್ಮ ಕೇಳಿದಾಗ, "ಹೊಟ್ಟೆಕಿಚ್ಚು," ಅಂದ. ಅದಕ್ಕಿಂತ ಒಳ್ಳೆಯ ಪದ ಹುಡುಕಿದ್ದ, ಸಿಗಲಿಲ್ಲ. ದೊಡ್ಡಮ್ಮ ಬೈದರು, ಚೆನ್ನಾಗಿಯೇ ಬೈದರು. ಆಸ್ಪತ್ರೆಯಲ್ಲಿ ಕಾಯುವವರಿದ್ದಾರೆ, ಇದು ನಿಮ್ಮಿಬ್ಬರ ಅಡುಗೆಮನೆಯಲ್ಲ ಅಂದರು. ಹೊರಗಿನ ಕಾರಿಡಾರಿನವರೆಗೂ ಕೇಳಿಸಿತು.

"ತಪ್ಪು ನಂದೂ ಇದೆ ಮೇಡಂ," ಅಂದಳು ಅಕ್ಕ. "ನಾನು ಅಳೀಲಿಲ್ಲ. ಅವರದ್ದು ಅಂತ ಅಳೀಲಿಲ್ಲ. ಅಳೀದೇನೇ ಇಲ್ಲಿ ಬಂದು ಸರಿಯಾಗಿದೆ ಅಂದೆ."

ದೊಡ್ಡಮ್ಮ ಬೈದದ್ದಷ್ಟನ್ನೂ ಭಾವ ನಿಂತು ಕೇಳಿದ್ದ. ಇದನ್ನು ಕೇಳಲಾಗದೆ ಕಿಟಕಿಯ ಕಡೆ ತಿರುಗಿಕೊಂಡ.

ಹೊಸಬ ಮತ್ತೆ ಹರಳು ಬೆಳೆಸಿದ. ಭಾವ ಚೇಂಬರಿನ ಒಳಮೈಯನ್ನೆಲ್ಲ ಉಜ್ಜಿ ತೊಳೆದ, ಸ್ಫಟಿಕ ಬದಲಾಯಿಸಿದ, ಆವಿಯನ್ನು ಎಂದಿಗಿಂತ ನಿಧಾನವಾಗಿ ಏರಿಸಿದ. ತನ್ನ ಬೆಳ್ಳಿಗೆ ಎಂದೂ ಪಡದಷ್ಟು ಪಾಡು ಪಟ್ಟು ಆ ಉದ್ದನೆಯವನ ಬೆಳ್ಳಿಗೆ ಪದರ ಹಾಕಿದ. ಹಾಕುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು. ಅದು ಹಾಗೆಲ್ಲ ಒಂದು ದಿನದಲ್ಲಿ ಆರುವ ಬೆಂಕಿಯಲ್ಲ. ಆದರೆ ಕೈ ಹಿಡಿಯನ್ನು ಇಪ್ಪತ್ತು ಬರುವವರೆಗೂ ಮುಟ್ಟಲಿಲ್ಲ.

ಪೆಟ್ಟಿಗೆಯನ್ನು ಅಕ್ಕನ ಕೈಗೆ ಕೊಟ್ಟ. ಎಷ್ಟು ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಪಕ್ಕದ ಕೋಣೆಗೆ ಹೋಗಿ ಪದರದ ದಪ್ಪ ಅಳೆಯುವ ಯಂತ್ರದಲ್ಲಿ ಒಂದೊಂದೇ ಸ್ಲೈಡು ಇಟ್ಟು ಅಳೆದಳು. ಮಧ್ಯದಲ್ಲಿ ಅಳೆದಳು, ನಾಲ್ಕು ಅಂಚಿನಲ್ಲೂ ಅಳೆದಳು. ಎಲ್ಲ ಕಡೆ ಇಪ್ಪತ್ತು. ಭಾವ ಬಾಗಿಲಲ್ಲಿ ನಿಂತು ಕಾದ. ಅವಳು ಸ್ಲೈಡುಗಳನ್ನು ಎತ್ತಿಕೊಂಡು ಅವನ ಪಕ್ಕದಿಂದ ಹಾದು ಡೈಯ ಮೇಜಿಗೆ ಹೋದಳು.

ಲೇಸರ್ ಬಿದ್ದ ಕೂಡಲೇ ಸ್ಲೈಡು ಹೊತ್ತಿಕೊಂಡ ಹಾಗೆ ಹೊಳೆಯಿತು, ಕಿತ್ತಳೆ ಬಣ್ಣಕ್ಕೆ. ಭಾವನ ಬೆಳ್ಳಿಯ ಮೇಲೆ ಅವಳ ಡೈ ಎಂದೂ ಅಷ್ಟು ಹೊಳೆದಿರಲಿಲ್ಲ, ಅರ್ಧದಷ್ಟೂ ಇಲ್ಲ. ಹೊಸಬ ಕೂಗಿಕೊಂಡ. ಚಿಕ್ಕವರೆಲ್ಲ ಓಡಿಬಂದರು, ಕಾವಲುಗಾರನೂ ಬಂದು ಇಣುಕಿದ, ದೊಡ್ಡಮ್ಮ ಕನ್ನಡಕ ತೆಗೆದರು. ಹೊಸಬ ಜನರ ನಡುವೆ ದಾರಿ ಮಾಡಿಕೊಂಡು ಬಂದು ಭಾವನನ್ನು ಅಪ್ಪಿಕೊಂಡು ನೆಲದಿಂದ ಎತ್ತಿಯೇಬಿಟ್ಟ. "ಪದರ ಅಂದ್ರೆ ಇದು ಭಾವ!" ಅಂದ. ಎತ್ತರದಲ್ಲಿ, ಅವನ ಭುಜದ ಮೇಲಿನಿಂದ, ಭಾವ ಹೆಂಡತಿಯ ಕಡೆ ನೋಡಿದ.

ಅವಳೂ ನಗುತ್ತಿದ್ದಳು. ಡೈಯ ಬೆಳಕು ಗಲ್ಲದ ಮೇಲೆ ಬಿದ್ದಿತ್ತು. ಎಲ್ಲರೂ ಚದುರಿದ ಮೇಲೆ ಕೈಗವಸು ಬಿಚ್ಚುತ್ತ ಅವನ ಹತ್ತಿರ ಬಂದಳು, ಹೊರಗಿನಿಂದ ಸಾಮಾನು ತಂದುಕೊಟ್ಟವರ ಜೊತೆ ಮಾತಾಡುವಾಗಿನ ನಗುಮುಖದಲ್ಲೇ.

"ಪದರ ಸರಿಯಾಗಿತ್ತು," ಅಂದಳು. "ಥ್ಯಾಂಕ್ಸ್."

ಮದುವೆಯಾದ ಮೇಲೆ ಆ ಮಾತನ್ನು ಅವಳು ಅವನಿಗೆ ಹೇಳಿದ್ದು ಅದೇ ಮೊದಲು.